ಘಟ್ಟ ಇಳಿದು ಹೋದವನು

ನಮ್ಮ ಅಜ್ಜಿ ಬೆಳಿಗ್ಗೆ ಎದ್ದು ಒಲೆ ಹೊತ್ತಿಸುವ ಮುಂಚೆ ಒಂದು ಸಲ ಗಂಡನನ್ನು ಬೈಯುತ್ತಿದ್ದಳು. ಬೇರೆಯವರ ಮನೆಯಲ್ಲಿ ಆ ಹೊತ್ತಿಗೆ ದೇವರ ಹೆಸರು ಕೇಳುತ್ತಿತ್ತೇನೋ, ನಮ್ಮ ಮನೆಯಲ್ಲಿ ಕೇಳುತ್ತಿದ್ದದ್ದು ಇದು: "ಎಲ್ಲಿ ಬಿದ್ದಿದ್ದೀಯೋ ಮನೆಹಾಳ, ನಿನ್ನ ಬಾಯಿಗೆ ಮಣ್ಣು ಬೀಳ." ಅಷ್ಟು ಹೇಳಿ ಊದುಗೊಳವೆ ಹುಡುಕುತ್ತಿದ್ದಳು. ಆಮೇಲೆ ದಿನವಿಡೀ ಬೇಕಾದಾಗೆಲ್ಲ ಬೈಗುಳ ಬರುತ್ತಿತ್ತು. ಹಾಲು ಉಕ್ಕಿದರೆ ಅವನಿಗೆ ಬೈಗುಳ, ಕೋಳಿ ಕಾವಿಗೆ ಕೂರದಿದ್ದರೆ ಅವನಿಗೆ ಬೈಗುಳ. ಗಂಡನ ಹೆಸರನ್ನು ಹೆಂಡತಿ ಹೇಳಬಾರದೆಂಬ ಪದ್ಧತಿಯನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದಳು. ಎಡಗೈಯ ಕಿರುಬೆರಳು ಅರ್ಧಕ್ಕೆ ತುಂಡಾಗಿತ್ತಂತೆ ಅಜ್ಜನಿಗೆ. ಹಾಗಾಗಿ "ಆ ಮೋಟುಬೆರಳು" ಎನ್ನುತ್ತಿದ್ದಳು.

ಅಜ್ಜ ಅವಳನ್ನು ಬಿಟ್ಟು ಹೋಗಿದ್ದ. ನನ್ನ ಅಪ್ಪ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ. ನಮ್ಮ ಗದ್ದೆಯ ಮೇಲಿನ ಕಾಫಿ ಎಸ್ಟೇಟ್ ಒಬ್ಬ ಇಂಗ್ಲಿಷ್ ದೊರೆಯದ್ದಾಗಿತ್ತು. ಹೊಸ ಜಾಗ ನೋಡಬೇಕೆಂದು ಆ ದೊರೆ ಹೆಗ್ಗದ್ದೆಯ ಆಚೆ, ಘಟ್ಟದ ಅಂಚಿನ ಕಾಡಿಗೆ ಹೊರಟ. ಕಾಡಿನ ದಾರಿ ಬಲ್ಲವನೆಂದು ಅಜ್ಜನನ್ನು ಕರೆದುಕೊಂಡು ಹೋದ. ಮುಂಗಾರು ಹಿಡಿದ ಹೊಸದು. ಒಂದು ವಾರದ ಮೇಲೆ ದೊರೆ ವಾಪಸ್ ಬಂದ, ಅಜ್ಜ ಬರಲಿಲ್ಲ. ತೋಟದ ಲೆಕ್ಕ ಬರೆಯುತ್ತಿದ್ದ ಆಗಿನ ರೈಟರ್ ಮನೆ ಬಾಗಿಲಿಗೆ ಬಂದು, "ನಿನ್ನ ಗಂಡ ಘಟ್ಟ ಇಳಿದು ಹೋಗ್ಬುಟ್ಟ ಕಣಮ್ಮ, ದೊರೆ ಹೇಳಿದ್ರು, ಕಾಯ್ಬ್ಯಾಡ," ಎಂದು ಹೇಳಿ ಹೋದ. ಅಷ್ಟೇ.

ಉಳಿದದ್ದನ್ನು ಊರವರು ಸೇರಿಸಿದರು. ಒಬ್ಬ ಗಂಡಸು ಸುಮ್ಮನೆ ಘಟ್ಟ ಇಳಿಯುತ್ತಾನೆಯೇ? ಒಬ್ಬಳು ಹೆಂಗಸು ಇರಲೇಬೇಕು. ಮೊದಲ ತಿಂಗಳಲ್ಲೇ ಅವಳಿಗೆ ಒಂದು ಮೂಗುತಿ ಬಂತು, ಒಣಮೀನಿನ ವ್ಯಾಪಾರ ಬಂತು. ನಾನು ಹುಟ್ಟಿ ಬುದ್ಧಿ ತಿಳಿಯುವ ಹೊತ್ತಿಗೆ ಅವಳಿಗೆ ಅಜ್ಜನಿಂದ ಮೂರು ಮಕ್ಕಳಾಗಿ, ದೊಡ್ಡವನಿಗೆ ಮದುವೆಯೂ ಆಗಿತ್ತು. ಯಾರೂ ಕಣ್ಣಾರೆ ಕಂಡಿದ್ದಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ನಮ್ಮೂರಿನ ಜನರ ಬಾಯಿಗೆ ಬೆಂಕಿ ಹಾಕ. ಇವತ್ತು ನೆನೆಸಿಕೊಂಡರೂ ನನ್ನ ಮೈ ಉರಿಯುತ್ತದೆ.

ಅಜ್ಜಿ ಆ ಮೀನಿನವಳನ್ನು ನಂಬಿದಳು. ನಂಬದೆ ಏನು ಮಾಡಬೇಕಿತ್ತು? ಕಾರಣವಿಲ್ಲದೆ ಬಿಟ್ಟು ಹೋದ ಎಂದುಕೊಳ್ಳುವುದಕ್ಕಿಂತ ಅದು ಮೇಲೆನಿಸಿತೋ ಏನೋ. ಹಣೆಯ ಕುಂಕುಮ ಅಳಿಸಲಿಲ್ಲ, ಬಳೆ ಒಡೆಯಲಿಲ್ಲ. ಅದು ಪ್ರೀತಿಯಿಂದಲ್ಲ, ಛಲದಿಂದ. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರ ಹಬ್ಬ. ಸತ್ತುಹೋದ ಒಬ್ಬೊಬ್ಬರಿಗೂ ಒಂದೊಂದು ಎಲೆ ಹಾಕಿ, ಅವರವರಿಗೆ ಇಷ್ಟವಾಗಿದ್ದ ಮಾಂಸ, ಹೆಂಡ, ಬೀಡಿ, ಕಡುಬು ಎಲ್ಲ ಬಡಿಸಿ ಎಡೆ ಇಡುತ್ತಾರೆ. ಮನೆ ಬಿಟ್ಟು ಹೋದವನು ಹನ್ನೆರಡು ವರ್ಷ ಬರದಿದ್ದರೆ ಹುಲ್ಲಿನಲ್ಲಿ ಒಂದು ಗೊಂಬೆ ಮಾಡಿ ಸುಟ್ಟು, ಸತ್ತನೆಂದು ಲೆಕ್ಕ ಹಿಡಿದು, ಅವನಿಗೂ ಎಡೆ ಇಡಬಹುದು. ಹನ್ನೆರಡನೆಯ ವರ್ಷ ಅಜ್ಜನ ಅಣ್ಣ ಹುಲ್ಲಿನ ಕಂತೆ ಹೊತ್ತುಕೊಂಡು ಬಂದನಂತೆ. ಅಜ್ಜಿ ಅದನ್ನು ಕಿತ್ತುಕೊಂಡು ಕೊಟ್ಟಿಗೆಗೆ ಹೋಗಿ ಹಸುವಿಗೆ ಹಾಕಿದಳಂತೆ.

"ಬದುಕಿರೋನಿಗೆ ಎಡೆ ಇಡ್ತೀರೇನೋ? ಅಲ್ಲಿ ಮೀನು ತಿಂದ್ಕಂಡು ಗುಂಡುಕಲ್ಲಂಗೆ ಅವ್ನೆ. ಬರ್ಲಿ ಒಂದಿನ. ಮುಖಕ್ಕೆ ಉಗುದು ಆಮೇಲೆ ಅಳಿಸ್ಕತೀನಿ ಈ ಕುಂಕುಮನ." ಈ ಜಗಳ ಆಮೇಲೂ ವರ್ಷವರ್ಷ ನಡೆಯುತ್ತಿತ್ತು, ನಾನೇ ಕಣ್ಣಾರೆ ಏಳೆಂಟು ವರ್ಷ ನೋಡಿದ್ದೇನೆ. ಹಬ್ಬದ ದಿನ ಎಲ್ಲರ ಎಲೆಯೂ ಬೀಳುತ್ತಿತ್ತು, ಅಜ್ಜನದು ಬೀಳುತ್ತಿರಲಿಲ್ಲ.

ಅಪ್ಪ ಓಡಿಹೋದವನ ಮಗ ಎನ್ನಿಸಿಕೊಂಡೇ ಬೆಳೆದ. ಇಪ್ಪತ್ತನೆಯ ವಯಸ್ಸಿನಲ್ಲಿ ಯಾರಿಗೂ ಹೇಳದೆ ಘಟ್ಟದ ಕೆಳಗೆ ಹೋಗಿ, ಸಂತೆ ಸಂತೆ ಸುತ್ತಿ, ವಯಸ್ಸಾದ ಗಂಡಸರ ಎಡಗೈ ನೋಡುತ್ತಾ ಹದಿನೈದು ದಿನ ತಿರುಗಿದ್ದನಂತೆ. ಇದನ್ನು ಅಮ್ಮ ನನಗೆ ಹೇಳಿದ್ದು. ಅಪ್ಪ ಬಾಯಿ ಬಿಡುವವನಲ್ಲ. ಆಮೇಲೆ ಅದೇ ಎಸ್ಟೇಟಿನಲ್ಲಿ ರೈಟರ್ ಆದ. ಅಷ್ಟರಲ್ಲಿ ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೋಗಿ ಸತ್ತೂ ಆಗಿತ್ತು. ನಮ್ಮವರೇ ಒಬ್ಬ ಸಾಹುಕಾರರು ತೋಟ ಕೊಂಡಿದ್ದರು. ನಾನು ಆಲೂರಿನಲ್ಲಿ ಅತ್ತೆಯ ಮನೆಯಲ್ಲಿದ್ದು ಎಸ್ಸೆಸ್ಸೆಲ್ಸಿ ಪಾಸು ಮಾಡಿ ಊರಿಗೆ ಬಂದಾಗ ಬೆಳಗೋಡಿನ ಕಡೆಯಿಂದ ಒಂದು ಗಂಡು ಬಂತು. ಎಲ್ಲ ಒಪ್ಪಿಗೆಯಾಗಿ, ಉಪ್ಪಿಟ್ಟು ತಿಂದು, ಕೈ ತೊಳೆಯುವಾಗ ಹುಡುಗನ ಸೋದರಮಾವ ಕೇಳಿದ, "ಹುಡುಗಿ ತಾತ ಅದೇ ಓಡೋದೋರಲ್ವಾ?" ಆ ಮೇಲೆ ಅವರ ಸುದ್ದಿಯಿಲ್ಲ. ಅವತ್ತು ಅಜ್ಜಿ ಬೈದದ್ದು ನನ್ನ ಜನ್ಮದಲ್ಲಿ ಕೇಳಿದ ಅತ್ಯುತ್ತಮ ಬೈಗುಳ. ಅದನ್ನು ಅಚ್ಚು ಹಾಕಿಸುವ ಹಾಗಿಲ್ಲ.

ಅದೇ ವರ್ಷ ಕಾಫಿ ಕುಯ್ಲು ಮುಗಿದ ಮೇಲೆ ಆ ಬಿಳಿ ಹೆಂಗಸು ಬಂದಳು. ಅರವತ್ತರ ದಶಕದ ಮೊದಮೊದಲು. ಸಕಲೇಶಪುರದಿಂದ ಸಾಬರ ಟ್ಯಾಕ್ಸಿಯಲ್ಲಿ ಬಂದು ಬಂಗಲೆಯಲ್ಲಿ ಇಳಿದುಕೊಂಡಳು. ನಲವತ್ತರ ಆಸುಪಾಸು, ತೆಳ್ಳಗೆ, ಮೂಗು ಬಿಸಿಲಿಗೆ ಸಿಪ್ಪೆ ಸುಲಿದಿತ್ತು. ಸತ್ತ ದೊರೆಯ ಅಕ್ಕನ ಮೊಮ್ಮಗಳಂತೆ. ತನ್ನ ಮನೆತನದ ಇತಿಹಾಸ ಬರೆಯುತ್ತಿದ್ದಳು. ದೊರೆ ಇಲ್ಲಿಂದ ಅಕ್ಕನಿಗೆ ಬರೆದ ಕಾಗದಗಳೆಲ್ಲ ಅವರ ಹಳ್ಳಿಯ ಮನೆಯಲ್ಲಿ ಒಂದು ಪೆಟ್ಟಿಗೆಯಲ್ಲಿದ್ದವಂತೆ. ಅವನ್ನೆಲ್ಲ ಆಕೆ ಟೈಪು ಮಾಡಿ ತಂದಿದ್ದಳು. ಅದರಲ್ಲಿ ಬರುವ ನಮ್ಮ ಊರುಗಳ ಹೆಸರು, ಕಂಬಳಿ, ಕತ್ತಿ, ಕಣಿವೆ ಇಂಥ ಮಾತುಗಳು ಆಕೆಗೆ ತಿಳಿಯುತ್ತಿರಲಿಲ್ಲ. ಸಾಹುಕಾರರು ಅಪ್ಪನನ್ನು ಕರೆದು, "ನಿನ್ನ ಮಗಳು ಇಂಗ್ಲಿಷ್ ಕಲ್ತವ್ಳಲ್ಲ, ನಾಲ್ಕು ದಿನ ಕಳಿಸು," ಎಂದರು.

ನನಗೆ ಮೊದಲ ದಿನದಿಂದಲೇ ಆಕೆಯನ್ನು ಕಂಡರೆ ಆಗಲಿಲ್ಲ. ಆಕೆ ಕೆಟ್ಟವಳೇನೂ ಅಲ್ಲ, ಮಾತಿಗೆ ಮುಂಚೆ ಥ್ಯಾಂಕ್ಯೂ ಹೇಳುತ್ತಿದ್ದಳು. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು. ಬಂಗಲೆಯ ಜಗಲಿಯ ಮೇಲೆ ಆಕೆ ಒಂದು ಕಾಗದದ ಸುರುಳಿ ಬಿಡಿಸಿದಳು. ಸೀರೆ ಬಿಡಿಸಿದಂತೆ ಬಿಡಿಸುತ್ತಲೇ ಹೋದಳು. ಮೇಲಿಂದ ಕೆಳಗೆ ಗೆರೆ ಎಳೆದು ತನ್ನವರ ಹೆಸರನ್ನೆಲ್ಲ ಬರೆದಿದ್ದಳು. ಹತ್ತು ತಲೆಮಾರು.

ಆಕೆಯ ಊರು ನಮ್ಮ ಬೆಳಗೋಡಿಗಿಂತ ಚಿಕ್ಕದು. ಒಂದು ಚರ್ಚು, ಪಕ್ಕದಲ್ಲೇ ಸತ್ತವರೆಲ್ಲ ಸಾಲಾಗಿ ಮಲಗಿರುವ ಜಾಗ, ಹೊಳೆಯ ಮೇಲೆ ಒಂದು ಹಿಟ್ಟಿನ ಗಿರಣಿ, ಬ್ರೆಡ್ಡು ಸುಡುವವನ ಮನೆ, ಗಂಡಸರು ಕುಡಿಯುವ ಒಂದು ಅಂಗಡಿ. ಹುಟ್ಟಿದವರು, ಮದುವೆಯಾದವರು, ಸತ್ತವರು, ಎಲ್ಲರನ್ನೂ ಪಾದ್ರಿ ಬರೆದಿಟ್ಟಿದ್ದ. ಅವರ ಮನೆತನದಲ್ಲಿ ಮೊದಲು ಗೊತ್ತಿರುವವನು ಕುದುರೆಗೆ ಲಾಳ ಹೊಡೆಯುವ ಕಮ್ಮಾರ. ಅವನ ಮೊಮ್ಮಗ ಗಿರಣಿ ಹಿಡಿದ. ಆ ಗಿರಣಿಯವನ ಮಗ ಕುಡಿದು ಕೋರ್ಟು ಅಲೆದು ಅದನ್ನು ಕಳೆದ. ಚರ್ಚಿನಲ್ಲಿ ಮುಂದಿನ ಬೆಂಚು ಯಾರದ್ದು ಎಂದು ಇನ್ನೊಂದು ಮನೆಯವರ ಜತೆ ಮೂರು ತಲೆಮಾರು ಜಗಳ. ಆ ಕುಡುಕನ ತಂಗಿಯೊಬ್ಬಳು ಸಿಪಾಯಿಯ ಜತೆ ಓಡಿಹೋಗಿದ್ದಳು. ಅವಳದ್ದೂ ಸುರುಳಿಯಲ್ಲಿತ್ತು: ಯಾರ ಜತೆ, ಯಾವ ಊರಿಗೆ, ಎಷ್ಟು ಮಕ್ಕಳು. ಕೆಳಗಡೆ, ಮಕ್ಕಳಿಲ್ಲದ ನಮ್ಮ ದೊರೆ.

"ನಿಮ್ಮ ಕುಟುಂಬದ ಇತಿಹಾಸ ಎಷ್ಟು ಹಿಂದಕ್ಕೆ ಗೊತ್ತು?" ಎಂದು ಕೇಳಿದಳು.

"ಅಜ್ಜನ ತನಕ. ಅಲ್ಲಿಗೆ ನಿಂತುಹೋಗಿದೆ," ಎಂದೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಒರಟಾಗಿ ಮಾತಾಡುವುದಕ್ಕೆ ಹೆಚ್ಚು ಇಂಗ್ಲಿಷ್ ಬೇಕಾಗಿಲ್ಲ ಎಂದು ಅವತ್ತು ಕಲಿತೆ.

ಆಕೆಗೆ ಅರ್ಥವಾಗಲಿಲ್ಲ. ನಕ್ಕಳು. ನಂತರ ತನ್ನ ಬಾಲ್ಯದ ಮಾತು ತೆಗೆದು, ಅವರ ಮನೆಯ ಹಿಂದಿನ ಸೇಬಿನ ಮರಗಳ ಕೆಳಗೆ ಒಂದು ಪುಟ್ಟ ಕಲ್ಲಿದೆ, ಅದು ಒಂದು ನಾಯಿಯ ಸಮಾಧಿ ಎಂದಳು. ಇಂಡಿಯಾದ ಪ್ರವಾಹದಲ್ಲಿ ಕೊಚ್ಚಿಹೋಗಿ ಬದುಕಿದ ನಾಯಿಯಂತೆ. ದೊರೆ ರಜೆಗೆ ಹೋದಾಗ ಹಡಗಿನಲ್ಲಿ ಕರೆದುಕೊಂಡು ಹೋಗಿ ಅಕ್ಕನ ಹತ್ತಿರ ಬಿಟ್ಟಿದ್ದನಂತೆ. ಊರಿನ ಮಕ್ಕಳಿಗೆಲ್ಲ ಅದರ ಕಥೆ ಗೊತ್ತು, ಬೇಸಗೆಯಲ್ಲಿ ಕಲ್ಲಿನ ಮೇಲೆ ಹೂವು ಇಡುತ್ತಿದ್ದೆವು ಎಂದಳು. ಕಲ್ಲಿನ ಮೇಲೆ ನಾಯಿಯ ಹೆಸರು ಕೆತ್ತಿಸಿದ್ದಾರಂತೆ.

ಮಧ್ಯಾಹ್ನ ಮನೆಗೆ ಬಂದು ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಅವರೂರಲ್ಲಿ ದೊಡ್ಡ ಕುಂಬಳಕಾಯಿ ಯಾರದ್ದು ಅಂತ ಪಂದ್ಯ ಇಡುತ್ತಾರೆ, ಅದಕ್ಕೆ ಮಾತು ಬಿಡುತ್ತಾರೆ ಎಂದಾಗ ಅಜ್ಜಿ ಬಿದ್ದು ಬಿದ್ದು ನಕ್ಕಳು. ಓಡಿಹೋದವಳ ವಿಷಯಕ್ಕೆ ಮಾತ್ರ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಓಡೋದೋಳ್ನೂ ಬರ್ಕಂಡವ್ರಾ?"

"ಹೂಂ ಅಜ್ಜಿ. ಎಲ್ಲಿಗೆ ಹೋದ್ಲು ಅಂತನೂ ಐತೆ."

"ಹಂಗಾರೆ ಆ ಕಾಗ್ದದಾಗೆ ನಮ್ಮ ಮನೆಹಾಳಂದೂ ಇರ್ಬೇಕಲ್ಲೇ. ದೊರೆ ಜತೇಲೇ ತಾನೆ ಹೋಗಿದ್ದು? ನೋಡು. ಆ ಮೀನಿನೋಳು ಯಾವೂರೋಳು ಅಂತ ನೋಡು. ನಾನು ಸಾಯಕ್ ಮುಂಚೆ ಹೋಗಿ ಅವಳ ಬಾಗ್ಲಾಗೆ ನಿಂತು ಬೈಬೇಕು."

ತಮಾಷೆಗೆ ಹೇಳಿದ್ದಲ್ಲ. ನಲವತ್ತು ವರ್ಷದಲ್ಲಿ ಮೊದಲ ಸಲ ಅವಳಿಗೆ ಅವನು ಎಲ್ಲಿ ಹೋದ, ಯಾಕೆ ಹೋದ ಎಂದು ತಿಳಿಯುವ ದಾರಿಯೊಂದು ಕಂಡಿತ್ತು. ಎರಡನೆಯ ದಿನ ನಾನು ಬೇಗನೆ ಹೋಗಿ ಕೂತೆ.

ದೊರೆಯ ಕಾಗದಗಳನ್ನು ಓದುವುದು ಬೇಸರದ ಕೆಲಸ. ಅವನಿದ್ದದ್ದು ಇಲ್ಲಿ, ಮನಸ್ಸೆಲ್ಲ ಆ ಹಳ್ಳಿಯಲ್ಲಿ. ಬೆಂಚಿನ ಜಗಳ ಏನಾಯಿತು, ಅಮ್ಮನ ಗೋರಿಯ ಹುಲ್ಲು ಕತ್ತರಿಸುತ್ತಾರೋ ಇಲ್ಲವೋ, ಗಿರಣಿಯವರ ಮಗಳನ್ನು ಯಾರು ಮದುವೆಯಾದರು, ಇದೇ. ನಡುವೆ ಒಂದೆರಡು ಸಾಲು ಕಾಫಿ, ಜ್ವರ, ಚಿರತೆ. ನಮ್ಮವರೆಲ್ಲ ಅದರಲ್ಲಿ 'ಆಳುಗಳು'. ಅಡುಗೆಯವನು 'ಅಡುಗೆಯವನು'. ಒಂದು ಹೆಸರು ಬೇಡವೇ ಮಾರಾಯ, ಹದಿನೇಳು ವರ್ಷ ಅನ್ನ ಬೇಯಿಸಿ ಹಾಕಿದವನಿಗೆ!

ಮೂರನೆಯ ದಿನ ಬೆಳಿಗ್ಗೆ ಸಿಕ್ಕಿತು. ಎರಡು ಹಾಳೆಯ ಕಾಗದ. ಶುರುವಿಗೆ ಕುಂಬಳಕಾಯಿ ಬಹುಮಾನ ಪಾದ್ರಿಯ ಬಾಮೈದನಿಗೆ ಕೊಟ್ಟದ್ದು ಅನ್ಯಾಯ ಎಂದು ಅರ್ಧ ಪುಟ. ಆಮೇಲೆ ಹೆಗ್ಗದ್ದೆಯ ಆಚೆ ಏಲಕ್ಕಿಗೆ ಒಳ್ಳೆಯ ಜಾಗ ಕಂಡೆ ಎಂದು. ವಾಪಸ್ ಬರುವಾಗ ಹಳ್ಳ ತುಂಬಿತ್ತಂತೆ. ನಾಯಿ ಜಾರಿ ನೀರಿಗೆ ಬಿತ್ತಂತೆ. ದಾರಿ ತೋರಿಸುವವನಿಗೆ, ಅರ್ಧ ಬೆರಳಿಲ್ಲದ ಆಳಿಗೆ, ಇಳಿ ಎಂದೆ ಎಂದು ಬರೆದಿದ್ದ. ಅವನು ಸ್ವಲ್ಪ ಹಿಂದೆಮುಂದೆ ನೋಡಿದ, ಆಮೇಲೆ ಇಳಿದ. ನಾಯಿಯನ್ನು ದಡಕ್ಕೆ ನೂಕಿದ. ತಾನು ಬರಲಿಲ್ಲ. ಎರಡು ದಿನ ಬಿಟ್ಟು ಬೇರುಗಳಲ್ಲಿ ಸಿಕ್ಕಿಕೊಂಡಿದ್ದ. ಜತೆಗಿದ್ದ ಘಟ್ಟದ ಕೆಳಗಿನ ಇಬ್ಬರು ಅಲ್ಲೇ ಮಣ್ಣು ಮಾಡಿದರು, ಅವರನ್ನು ಹಾಗೆಯೇ ಅವರೂರಿಗೆ ಕಳಿಸಿದೆ. ಈ ಸುದ್ದಿ ತೋಟದ ಕೂಲಿ ಲೈನಿನ ಆಳುಗಳಿಗೆ ಗೊತ್ತಾದರೆ ಕಾಡು ಬಲಿ ತೆಗೆದುಕೊಂಡಿತು ಎಂದು ಒಬ್ಬನೂ ಅಲ್ಲಿ ಕೊಡಲಿ ಎತ್ತುವುದಿಲ್ಲ. ಆದ್ದರಿಂದ ಅವನು ಘಟ್ಟ ಇಳಿದು ಹೋದನೆಂದು ಹೇಳಿಸಿದ್ದೇನೆ. ಹೆಂಡತಿ ಇನ್ನೂ ಚಿಕ್ಕವಳು, ಬೇರೆ ಯಾರನ್ನಾದರೂ ನೋಡಿಕೊಳ್ಳುತ್ತಾಳೆ, ಈ ಜನಕ್ಕೆ ಅದೆಲ್ಲ ಅಷ್ಟು ಮುಖ್ಯವಲ್ಲ.

ನಾಯಿ ಸ್ವಲ್ಪ ಕೆಮ್ಮುತ್ತಿದೆ, ಆದರೆ ಚೆನ್ನಾಗಿ ತಿನ್ನುತ್ತಿದೆ ಎಂದು ಇತ್ತು. ನಾಯಿಯ ಹೆಸರು ಆ ಕಾಗದದಲ್ಲಿ ಐದು ಸಲ ಬರುತ್ತದೆ, ಎಣಿಸಿದ್ದೇನೆ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಬೇಕೆಂತಲೇ ಬರೆಯುವುದಿಲ್ಲ. ಕೊನೆಗೆ ಯಾವುದೋ ಹೂವಿನ ಬೀಜ ಕಳಿಸು ಎಂದು ಅಕ್ಕನಿಗೆ ಬರೆದು ಮುಗಿಸಿದ್ದ.

ನಾನು ಎರಡು ಸಲ ಓದಿದೆ, ಡಿಕ್ಷನರಿ ನೋಡಿ ಮೂರನೆಯ ಸಲ ಓದಿದೆ. ಆಕೆ ಎದುರಿಗೆ ಕೂತು ಮೊಟ್ಟೆ ಸುಲಿಯುತ್ತಿದ್ದಳು.

"ಆಹಾ, ಆ ನಾಯಿಯ ಕಾಗದ! ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟವಾದದ್ದು," ಎಂದಳು.

ಈ ಕಾಗದವನ್ನು ಆಕೆಯೇ ಕೈಯಾರೆ ಟೈಪು ಮಾಡಿದ್ದಳು. ಅಕ್ಷರ ಅಕ್ಷರ ಕುಟ್ಟಿದ್ದಳು. ಆ ಹೆಂಡತಿ ಯಾರು, ಏನಾದಳು ಎಂದು ಒಂದು ಗಳಿಗೆಯೂ ತಲೆಗೆ ಬಂದಿರಲಿಲ್ಲ. ನನಗೆ ಆ ಮೊಟ್ಟೆಯನ್ನು ಎತ್ತಿ ಎಸೆಯಬೇಕೆನ್ನಿಸಿತು. "ನೀರಿಗೆ ಇಳಿದವನು ನನ್ನ ಅಜ್ಜ," ಎಂದೆ. ಆಕೆ ಅರ್ಥವಾಗದೆ ನೋಡಿದಳು. ಇನ್ನೊಂದು ಸಲ ಹೇಳಿದೆ, ಜೋರಾಗಿ ಹೇಳಿದೆ. "ಆ ಹೆಂಡತಿ ಬದುಕಿದ್ದಾಳೆ. ಇಲ್ಲೇ ಕೆಳಗಿನ ಮನೆಯಲ್ಲಿ ಅಕ್ಕಿ ಕೇರುತ್ತಿದ್ದಾಳೆ. ಬೇರೆ ಯಾರನ್ನೂ ನೋಡಿಕೊಳ್ಳಲಿಲ್ಲ."

ಆಕೆಯ ಮುಖ ಸುಣ್ಣವಾಯಿತು. ಸಾರಿ, ಸಾರಿ ಎಂದು ಎಷ್ಟು ಸಲ ಹೇಳಿದಳೋ. ಆಮೇಲೆ, ಪಾಪ, ಒಳ್ಳೆಯದು ಮಾಡುತ್ತೇನೆಂದುಕೊಂಡು, ಪೆನ್ನು ತೆಗೆದು, "ಅವರ ಹೆಸರೇನು? ನನ್ನ ಪುಸ್ತಕದಲ್ಲಿ ಕೆಳಗಡೆ ಸೇರಿಸುತ್ತೇನೆ," ಎಂದಳು.

"ನಿಮ್ಮ ನಾಯಿಯ ಕೆಳಗಾ? ಬೇಡ," ಎಂದೆ.

ಹೆಸರು ಹೇಳಲಿಲ್ಲ. ಇವತ್ತಿಗೂ ಅದು ಸರಿಯೋ ತಪ್ಪೋ ಗೊತ್ತಿಲ್ಲ, ಆದರೆ ಪಶ್ಚಾತ್ತಾಪವಿಲ್ಲ.

ಅಪ್ಪ ಸ್ಟೋರಿನ ಹತ್ತಿರ ಮೂಟೆ ಎಣಿಸುತ್ತಿದ್ದ. ಕರೆದು ಹೇಳಿದೆ. ಮೊದಲು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. ಆಮೇಲೆ ಮೂಟೆಯ ಮೇಲೆ ಕೂತುಬಿಟ್ಟ. "ನಾನು ಸುಮ್ನೆ ಎಲ್ಲಾರ ಕೈ ನೋಡ್ಕಂಡ್ ತಿರುಗ್ದೆ," ಎಂದ. ಅದಾದ ಮೇಲೆ, "ಅವ್ವಂಗೆ ಹೇಳ್ಬ್ಯಾಡ ಕಣೇ. ಬೈಕಂಡು ಗಟ್ಟಿಯಾಗಿ ಅವ್ಳೆ. ಅದನ್ನೂ ಕಿತ್ಕಂಡ್ರೆ ಏನ್ ಉಳಿತದೆ?" ಎಂದ.

ಅಪ್ಪನ ಮಾತು ಕೇಳಬಹುದಿತ್ತು. ಆದರೆ ಎಲ್ಲರೂ ಸೇರಿ ಅವಳಿಗೆ ಒಂದು ಸುಳ್ಳನ್ನು ನಲವತ್ತು ವರ್ಷ ತಿನ್ನಿಸಿದ್ದು ಸಾಲದೇ? ನಾನೂ ಅದಕ್ಕೆ ಕೈ ಸೇರಿಸಬೇಕೇ? ಅಪ್ಪನ ಜತೆ ಜಗಳವಾಡಿಯೇ ಮನೆಗೆ ಹೊರಟೆ. ಅಪ್ಪ ಹಿಂದಿನಿಂದ ಬಂದ. ಅವನ ಹಿಂದೆ ಟೋಪಿಯೂ ಇಲ್ಲದೆ ಆ ಬಿಳಿ ಹೆಂಗಸೂ ಬಂದಳು. ಬರಬೇಡಿ ಎಂದೆ. ಕೇಳಲಿಲ್ಲ.

ಅಜ್ಜಿ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. ನಮ್ಮ ಮೂವರ ಮುಖ ನೋಡಿ, "ಯಾವೂರೋಳಂತೆ?" ಎಂದಳು.

ನಾನು ಹೇಳಿದೆ. ಹಳ್ಳ, ನಾಯಿ, ದೊರೆ ಇಳಿ ಅಂದದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಹೆಂಡತಿ ಬೇರೆಯವನನ್ನು ನೋಡಿಕೊಳ್ಳುತ್ತಾಳೆ ಎಂಬ ಸಾಲನ್ನು ಮಾತ್ರ ಬಿಟ್ಟೆ. ಅಜ್ಜಿ ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದಳು.

"ಹೆಂಗಸು ಇರ್ಲಿಲ್ವಾ?"

"ಇಲ್ಲ ಅಜ್ಜಿ."

"ಮೀನಿನೋಳು?"

"ಯಾರೂ ಇರ್ಲಿಲ್ಲ. ಅವತ್ತೇ ಸತ್ತೋಗಿದ್ದು."

ಅಜ್ಜಿ ಅಕ್ಕಿಯಲ್ಲಿದ್ದ ಒಂದು ಕಲ್ಲನ್ನು ಹೆಕ್ಕಿ ಎಸೆದಳು. "ಅವ್ನಿಗೆ ಈಜು ಬರ್ತಿರ್ಲಿಲ್ಲ," ಎಂದಳು. "ದೊರೆಗೆ ಇಲ್ಲ ಅನ್ನಕ್ಕೂ ಬರ್ತಿರ್ಲಿಲ್ಲ."

ಬಿಳಿ ಹೆಂಗಸು ಅಂಗಳದ ಅಂಚಿನಲ್ಲಿ ನಿಂತು ಅಳಲು ಶುರುಮಾಡಿದಳು. ಅಜ್ಜಿ ತಲೆಯೆತ್ತಿ ಆಕೆಯನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. "ಅವ್ಳು ಯಾಕೆ ಅಳ್ತಾಳೆ? ಕಳ್ಸು ಆಚೆ. ನಮ್ಮನೆ ಅಂಗ್ಳದಾಗೆ ಅವ್ಳ ಅಳು ಬ್ಯಾಡ." ನಾನು ಇಂಗ್ಲಿಷಿನಲ್ಲಿ ಹೇಳುವ ಮೊದಲೇ ಆಕೆಗೆ ಅರ್ಥವಾಗಿ ಹಿಂದಕ್ಕೆ ಸರಿದಳು. ಅಪ್ಪ ಕಂಬ ಹಿಡಿದು ನಿಂತಿದ್ದ.

ಅಜ್ಜಿ ಮೊರವನ್ನು ಬದಿಗಿಟ್ಟಳು. ಆಮೇಲೆ ನನ್ನನ್ನು ಹತ್ತಿರ ಕರೆದಳು. ಅವಳ ದನಿ ಅಷ್ಟು ಸಣ್ಣಗೆ ಬಂದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ನೀನು ಓದಿದೋಳಲ್ವಾ, ನಿಜ ಹೇಳು. ಸತ್ತೋರಿಗೆ ನಾವು ಇಲ್ಲಿ ಆಡಿದ್ದು ಕೇಳ್ಸುತ್ತಾ?"

ನನಗೆ ಅವಳು ಕೇಳುತ್ತಿರುವುದೇನೆಂದು ತಿಳಿಯಿತು. "ಇಲ್ಲ ಅಜ್ಜಿ. ಅವ್ನಿಗೆ ಒಂದೂ ಕೇಳ್ಸಿರಲ್ಲ," ಎಂದೆ.

"ಎಂಗೆ ಕೇಳ್ಸಿರಲ್ಲ?" ಎಂದಳು ಅಜ್ಜಿ. "ಅಷ್ಟು ಜೋರಾಗಿ ಬೈದಿದ್ದೀನಿ."